ಕಿವಿಗೆ ಗೌರವ, ಗೇಜಿಗೆ ತೀರ್ಪು

ಮೈಸೂರಿನಲ್ಲಿ ಇಂಜಿನ್ ರಿಪೇರಿಯ ಮಾತು ಬಂದರೆ ಅದು ಬೇಗನೆ ಕಿವಿಯ ಗುಣಗಾನಕ್ಕೆ ತಿರುಗುತ್ತದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅವರಿಂದ ಉದ್ಘಾಟನೆಗೊಂಡಿತು, 1996ರಲ್ಲಿ ಬಾಗಿಲು ಮುಚ್ಚಿತು. ಆ ಮೂವತ್ತೈದು ವರ್ಷಗಳಲ್ಲಿ ಜಾವಾ, ಯೆಜ್ಡಿ ಬೈಕುಗಳ ಜೊತೆಗೇ ಊರಿನ ಗಲ್ಲಿಗಳಲ್ಲಿ ಮೆಕ್ಯಾನಿಕ್‌ಗಳ ಪರಂಪರೆಯೊಂದು ಬೆಳೆಯಿತು. ಗಾಡಿ ತಿರುವಿನಲ್ಲಿ ಬರುವಾಗಲೇ ಸದ್ದು ಕೇಳಿ ರೋಗ ಹೇಳಬಲ್ಲ ಹಿರಿಯರ ಕಥೆಗಳು ಇಂದಿಗೂ ಪ್ರತಿ ಜುಲೈನ ಜಾವಾ ದಿನದಂದು ಇಲ್ಲಿ ಹೆಮ್ಮೆಯಿಂದ ಮರಳಿ ಬರುತ್ತವೆ. ಆ ಹೆಮ್ಮೆಯಲ್ಲಿ ನನಗೂ ಪಾಲಿದೆ.

ಆದರೆ ಆ ಹೆಮ್ಮೆಯಿಂದ ಹುಟ್ಟಿರುವ ಒಂದು ಸಲಹೆಯನ್ನು ನಾನು ವಿನಯದಿಂದಲೇ ಒಪ್ಪಲಾರೆ. ಹಳೆಯ ಹೋಂಡಾ ಸಿಟಿ ವಿಟೆಕ್‌ಗೋ ಎಸ್ಟೀಮ್‌ಗೋ ಟರ್ಬೊ ಕಿಟ್ ತರಿಸಿ, ಮನೆಯ ಶೆಡ್ಡಿನಲ್ಲೇ ಸ್ಪೋರ್ಟ್ಸ್ ಕಾರು ಮಾಡಿಕೊಳ್ಳಲು ಹೊರಡುವ ಯುವಕರಿದ್ದಾರೆ. ಕಿಟ್ ಕೂರುತ್ತದೆ, ಕಾರು ಸ್ಟಾರ್ಟ್ ಆಗುತ್ತದೆ, ಆಮೇಲೆ ತೊಂದರೆ ಶುರುವಾಗುತ್ತದೆ: ಹೊಗೆ, ಮುಗ್ಗರಿಕೆ, ಬಾರದ ಬೂಸ್ಟ್, ಏರುವ ಶಾಖ. ಆಗ ಅವರಿಗೆ ಸಿಗುವ ಸಲಹೆ: ‘ಒಳ್ಳೆ ಮೇಸ್ತ್ರಿ ಹತ್ತಿರ ಒಯ್ದು ಕೇಳಿಸು, ಅವರು ಕೇಳಿಯೇ ಹೇಳುತ್ತಾರೆ.’ ಟರ್ಬೊ ಕೂರಿಸಿದ ಪೆಟ್ರೋಲ್ ಇಂಜಿನ್ನಿನ ಮಟ್ಟಿಗೆ ಈ ಸಲಹೆ ಅಪಾಯಕಾರಿ ಎಂಬುದು ನನ್ನ ವಾದ. ಜಾವಾ ಪರಂಪರೆಯ ತಿರುಳನ್ನು ಸರಿಯಾಗಿ ನೋಡಿದರೆ ಅದೂ ನನ್ನ ಪಕ್ಷಕ್ಕೇ ಸಾಕ್ಷಿ ನುಡಿಯುತ್ತದೆ.

ಮೊದಲು ಕಿವಿಯ ಮಿತಿ ಎಲ್ಲಿದೆ ನೋಡೋಣ. ಟರ್ಬೊ ಮಾಡುವ ಕೆಲಸ ಸರಳ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯ ಬಲದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ; ಆ ಒತ್ತಡವೇ ಬೂಸ್ಟ್. ಹೆಚ್ಚು ಗಾಳಿ, ಅದಕ್ಕೆ ತಕ್ಕ ಹೆಚ್ಚು ಪೆಟ್ರೋಲ್, ಹೆಚ್ಚು ಶಕ್ತಿ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿ, ಹೆಚ್ಚಿದ ಒತ್ತಡ, ಸಾಲದ ಪೆಟ್ರೋಲ್ ಮೂರೂ ಸೇರಿದರೆ ಮಿಶ್ರಣ ಕಿಡಿಯ ಜ್ವಾಲೆಗೆ ಕಾಯದೆ ತಾನೇ ಸಿಡಿಯುತ್ತದೆ. ಅದೇ ನಾಕಿಂಗ್. ಸಾಮಾನ್ಯ ಕಾರಿನ ಇಂಜಿನ್ನಿನಲ್ಲಿ ಅದರ ಕಂಪನ ಸುಮಾರು 6,000ರಿಂದ 7,000 ಹರ್ಟ್ಸ್. 6,000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ 50 ಸಲ ಬೆಂಕಿ ಹೊತ್ತುತ್ತದೆ. ಸೈಲೆನ್ಸರಿನ ಅಬ್ಬರ, ಟರ್ಬೊದ ಶಿಳ್ಳೆ, ಗಾಳಿಯ ರಭಸದ ನಡುವೆ ಆ ಸಣ್ಣ ಟಣತ್ಕಾರವನ್ನು ಮನುಷ್ಯನ ಕಿವಿ ಹೆಕ್ಕಿಕೊಳ್ಳುವ ಹೊತ್ತಿಗೆ ಪಿಸ್ಟನ್ನಿನ ರಿಂಗುಗಳ ನಡುವಿನ ಅಂಚು ಬಿರಿದಿರಬಹುದು. ನಿಧಾನವಾಗಿ ಸವೆಯುವ ದೋಷಕ್ಕೆ ಕಿವಿ ಒಳ್ಳೆಯ ವೈದ್ಯ. ಕೆಲವೇ ಸೆಕೆಂಡುಗಳಲ್ಲಿ ಇಂಜಿನ್ ಮುಗಿಸುವ ದೋಷಕ್ಕೆ ಅದು ಸಾಲದು.

ಹೊಗೆಯ ವಿಷಯದಲ್ಲೂ ಹೀಗೇ. ಹೊಸ ಕಿಟ್ ಹಾಕಿದ ಕಾರು ನೀಲಿ ಹೊಗೆ ಉಗುಳಿದ ಕೂಡಲೇ ಕೇಳಿಬರುವ ತೀರ್ಪು: ‘ಟರ್ಬೊ ಸೀಲ್ ಹೋಗಿದೆ ಸಾರ್, ಬದಲಾಯಿಸಿಬಿಡಿ.’ ಆದರೆ ಟರ್ಬೊದ ದಂಡಕ್ಕೆ ನಾವು ಅಂದುಕೊಳ್ಳುವಂಥ ರಬ್ಬರ್ ಸೀಲ್ ಇರುವುದಿಲ್ಲ. ಅಲ್ಲಿರುವುದು ಪಿಸ್ಟನ್ ರಿಂಗಿನಂಥ ತೆಳು ಲೋಹದ ಉಂಗುರಗಳು. ಒಳಗೆ ಬಂದ ಆಯಿಲ್ ತಡೆಯಿಲ್ಲದೆ ಕೆಳಗಿಳಿದು ಹೋದರೆ ಮಾತ್ರ ಅವು ಕೆಲಸ ಮಾಡುತ್ತವೆ. ಆ ಇಳಿಕೆ ಕೇವಲ ಗುರುತ್ವದಿಂದ ಆಗಬೇಕು. ವಾಪಸ್ ಪೈಪು ಕಿರಿದಾಗಿದ್ದರೆ, ನಡುವೆ ಬಾಗಿ ಮೇಲೆದ್ದಿದ್ದರೆ, ಸಂಪಿನ ಆಯಿಲ್ ಮಟ್ಟಕ್ಕಿಂತ ಕೆಳಗೆ ಜೋಡಿಸಿದ್ದರೆ, ಅಥವಾ ಹೆಚ್ಚಾಗಿ ಬಳಿದ ಗ್ಯಾಸ್ಕೆಟ್ ಪೇಸ್ಟ್ ಒಳಗೆ ಉಬ್ಬಿ ಅರ್ಧ ದಾರಿ ಮುಚ್ಚಿದ್ದರೆ, ಆಯಿಲ್ ದಂಡದ ಸುತ್ತ ನಿಂತು ಎರಡೂ ಕಡೆ ಉಕ್ಕುತ್ತದೆ. ಬೂಸ್ಟ್ ಗಾಳಿ ಕ್ರ್ಯಾಂಕ್‌ಕೇಸ್‌ನ ಉಸಿರು ವಾಲ್ವಿನ ಮೂಲಕ ಹಿಮ್ಮುಖವಾಗಿ ಸಂಪಿಗೆ ನುಗ್ಗಿದರೂ ಫಲ ಇದೇ: ಒಳಗಿನ ಒತ್ತಡ ಆಯಿಲ್ಲನ್ನು ಇಳಿಯಗೊಡುವುದಿಲ್ಲ. ಹೊಸ ಟರ್ಬೊ ತಂದರೂ ಹೊಗೆ ನಿಲ್ಲುವುದಿಲ್ಲ. ದುಡ್ಡು ಮಾತ್ರ ಹೋಗುತ್ತದೆ. ವಾಪಸ್ ಪೈಪು ಕಳಚಿ, ಅದರೊಳಗೆ ಆಯಿಲ್ ಸುರಿದು, ಅದು ಸಲೀಸಾಗಿ ಹರಿಯುತ್ತದೆಯೇ ಎಂದು ನೋಡಲು ಖರ್ಚೇ ಇಲ್ಲ. ಈ ಪರೀಕ್ಷೆ ಮುಗಿಯುವವರೆಗೆ ಯಾವ ತೀರ್ಪೂ ಬೇಡ.

ಬೂಸ್ಟ್ ಬಾರದಿದ್ದರೆ ಎರಡನೆಯ ಅವಸರದ ತೀರ್ಪು: ‘ಈ ಟರ್ಬೊ ಚಿಕ್ಕದು’ ಅಥವಾ ‘ಕಿಟ್ ಅಗ್ಗದ್ದು.’ ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಥ್ರಾಟಲ್‌ಗೆ ಹೋಗುವ ದಾರಿಯಲ್ಲಿ ಹತ್ತಾರು ರಬ್ಬರ್ ಜೋಡಣೆ, ಕ್ಲಿಪ್ಪುಗಳಿವೆ. ಒಂದು ಸಡಿಲವಾದರೂ ಗಾಳಿ ಅಲ್ಲೇ ಸೋರುತ್ತದೆ. ಟರ್ಬೊದ ಗಾಳಿ ಬಾಯಿಗೆ ಮುಚ್ಚಳ ಬಿಗಿದು, ಮುಚ್ಚಳಕ್ಕೆ ಟ್ಯೂಬಿನ ವಾಲ್ವೊಂದನ್ನು ಕೂರಿಸಿ, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಬೂಸ್ಟಿನಷ್ಟೇ ಒತ್ತಡ ಕೊಟ್ಟು, ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ ಸೋರಿಕೆ ಇನ್ನೂ ಗೊಂದಲ ಹುಟ್ಟಿಸುತ್ತದೆ: ಅಳೆದ ಗಾಳಿಗೆಂದು ಪೆಟ್ರೋಲ್ ಬರುತ್ತದೆ, ಗಾಳಿ ಮಾತ್ರ ಸೋರಿಹೋಗುತ್ತದೆ, ಕಾರು ಕಪ್ಪು ಹೊಗೆ ಬಿಡುತ್ತದೆ. ಆಗ ಪಾಪದ ಇಂಜೆಕ್ಟರಿನ ಮೇಲೆ ಅಪವಾದ ಬರುತ್ತದೆ.

ಈ ಗೊಂದಲಗಳಿಗೆಲ್ಲ ಲ್ಯಾಪ್‌ಟಾಪ್ ಮದ್ದು ಎಂದು ನಂಬುವ ಹೊಸ ತಲೆಮಾರೂ ಇದೆ. ‘ಮ್ಯಾಪ್ (ಇಂಜಿನ್ ಕಂಪ್ಯೂಟರಿನೊಳಗಿನ ಇಂಧನ, ಕಿಡಿಗಳ ಲೆಕ್ಕಪಟ್ಟಿ) ಸರಿಮಾಡಿದರೆ ಎಲ್ಲ ಸರಿಹೋಗುತ್ತದೆ’ ಎಂಬ ಅವರ ನಂಬಿಕೆಯನ್ನೂ ನಾನು ಪ್ರಶ್ನಿಸುತ್ತೇನೆ. ಸೋರುವ ಪೈಪಿಗೆ ಹೊಂದುವಂತೆ ಮ್ಯಾಪ್ ಬರೆದರೆ, ಪೈಪು ಬಿಗಿದ ದಿನ ಇಂಜಿನ್ ಹಾಳಾಗುತ್ತದೆ. ಪೆಟ್ರೋಲ್ ಒತ್ತಡದ ಉದಾಹರಣೆ ನೋಡಿ. ಅನೇಕ ಕಾರುಗಳಲ್ಲಿ ಇಂಜೆಕ್ಟರಿಗೆ ಬರುವ ಪೆಟ್ರೋಲಿನ ಒತ್ತಡ ಸುಮಾರು 3 ಬಾರ್‌ನಲ್ಲೇ ಸ್ಥಿರ. ಟರ್ಬೊ ಎದುರಿನಿಂದ 0.5 ಬಾರ್ ಒತ್ತಿದರೆ ಇಂಜೆಕ್ಟರಿಗೆ ಉಳಿಯುವ ಬಲ 2.5 ಬಾರ್. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ ಪೆಟ್ರೋಲ್ ಸುಮಾರು ಶೇ 9ರಷ್ಟು ಇಳಿಯುತ್ತದೆ. ಗಾಳಿ ಹೆಚ್ಚಾದ ಗಳಿಗೆಯಲ್ಲೇ ಪೆಟ್ರೋಲ್ ಕಡಿಮೆಯಾಗುತ್ತದೆ. ಬೂಸ್ಟ್ ಏರಿದಷ್ಟೂ ಪೆಟ್ರೋಲ್ ಒತ್ತಡವೂ ಏರುವ ರೆಗ್ಯುಲೇಟರ್ ಇದೆಯೇ, ಪಂಪು ಆ ಒತ್ತಡದಲ್ಲೂ ಸಾಕಷ್ಟು ಕೊಡುತ್ತದೆಯೇ ಎಂಬುದನ್ನು ಗೇಜು ಕೂರಿಸಿ ನೋಡಿಯೇ ತಿಳಿಯಬೇಕು. ಆ ಸಂಖ್ಯೆ ಗೊತ್ತಿಲ್ಲದೆ ಲ್ಯಾಪ್‌ಟಾಪ್ ತೆರೆಯುವುದು ಊಹೆಯ ಮೇಲೆ ಊಹೆ ಪೇರಿಸಿದಂತೆ.

ಪೆಟ್ರೋಲ್ ಕೂಡ ಬದಲಾಗಿದೆ. 2025ರ ಹೊತ್ತಿಗೆ ನಮ್ಮ ಬಂಕ್‌ಗಳಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಭಾಗ ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಎಥೆನಾಲ್ ನಾಕಿಂಗನ್ನು ಚೆನ್ನಾಗಿ ತಡೆಯುತ್ತದೆ ಎಂಬುದು ನಿಜ, ಆದರೆ ಹಳೆಯ ಲೆಕ್ಕದ ಮ್ಯಾಪಿನಲ್ಲಿ ಇಂಧನವೇ ಸಾಲದಿದ್ದರೆ ಆ ಗುಣದ ಲಾಭ ಉಳಿಯುವುದಿಲ್ಲ. ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ಲ್ಯಾಂಬ್ಡಾ ಲೆಕ್ಕದಲ್ಲಿ ಓದುವುದು ಕ್ಷೇಮ. ಇಂಧನ ಯಾವುದಿದ್ದರೂ ಲ್ಯಾಂಬ್ಡಾ 1 ಎಂದರೆ ಅದು ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ. ಬೂಸ್ಟಿನಲ್ಲಿ ಅದು 0.8ರ ಆಸುಪಾಸಿಗೆ ಇಳಿದಿರಬೇಕು.

ಹಿರಿಯ ಮೇಸ್ತ್ರಿಗಳು ಇಲ್ಲಿ ಎತ್ತುವ ಆಕ್ಷೇಪ ತೂಕದ್ದು: ‘ಗೇಜೂ ಸುಳ್ಳು ಹೇಳುತ್ತದೆ.’ ನಿಜ. ಆದರೆ ಗೇಜಿನ ಸುಳ್ಳನ್ನು ಹಿಡಿಯಲು ದಾರಿಯಿದೆ, ಮೈಸೂರಿನಲ್ಲಿ ಆ ದಾರಿ ಬಲು ಸುಲಭ. ನಮ್ಮ ಊರು ಸಮುದ್ರ ಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾತಾವರಣದ ಒತ್ತಡ ಸುಮಾರು 92 ಕಿಲೊಪಾಸ್ಕಲ್. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದಾಗ ಒತ್ತಡದ ಸೆನ್ಸರ್ ಆ ಸಂಖ್ಯೆಯ ಹತ್ತಿರವೇ ತೋರಿಸಬೇಕು. 101 ತೋರಿಸಿದರೆ ಅದು ಮಂಗಳೂರಿನ ಗಾಳಿಯನ್ನು ಹೇಳುತ್ತಿದೆ, ಮೈಸೂರಿನದಲ್ಲ; ಸೆನ್ಸರೋ ಅದರ ಲೆಕ್ಕವೋ ತಪ್ಪಿದೆ. ಕಂಪ್ರೆಷನ್ ಪರೀಕ್ಷೆಗೂ ಇದು ಅನ್ವಯಿಸುತ್ತದೆ. ಸಮುದ್ರ ಮಟ್ಟದಲ್ಲಿ 180 ಪಿಎಸ್‌ಐ ತೋರಿಸಬೇಕಾದ ಆರೋಗ್ಯವಂತ ಇಂಜಿನ್ ಇಲ್ಲಿ 165ರ ಸುತ್ತ ತೋರಿಸಿದರೆ ಗಾಬರಿ ಬೇಡ. ಒಂದು ಸಿಲಿಂಡರ್ ಉಳಿದ ಮೂರಕ್ಕಿಂತ ತೀರಾ ಕೆಳಗಿದ್ದರೆ ಮಾತ್ರ ಕಿಟ್ಟಿನ ಮಾತನ್ನೇ ಪಕ್ಕಕ್ಕಿಟ್ಟು ಇಂಜಿನ್ ಬಿಚ್ಚಬೇಕು. ಕಿಟ್ ಹಾಕುವ ಮೊದಲೇ ಈ ಪರೀಕ್ಷೆ ಮಾಡಿ ಬರೆದಿಟ್ಟವರಿಗೆ ಆಮೇಲೆ ಅರ್ಧ ಗೊಂದಲ ಇರುವುದೇ ಇಲ್ಲ.

ಇಷ್ಟಕ್ಕೂ ಜಾವಾ ಮೇಸ್ತ್ರಿಗಳು ನಿಜವಾಗಿ ಮಾಡುತ್ತಿದ್ದುದೇನು? ಪಾಯಿಂಟ್ ಗ್ಯಾಪನ್ನು ಫೀಲರ್ ಗೇಜಿನಿಂದ 0.4 ಮಿಲಿಮೀಟರಿಗೆ ಕೂರಿಸುತ್ತಿದ್ದರು. ಪ್ಲಗ್ಗಿನ ತೂತಿನಿಂದ ಪಿಸ್ಟನ್ ಮೇಲ್ತುದಿಗಿಂತ ಎಷ್ಟು ಮಿಲಿಮೀಟರ್ ಕೆಳಗಿದೆ ಎಂದು ಅಳೆದು ಟೈಮಿಂಗ್ ಕಟ್ಟುತ್ತಿದ್ದರು. ಪೆಟ್ರೋಲಿಗೆ ಆಯಿಲ್ಲನ್ನು ಅಳತೆಯಿಂದ ಬೆರೆಸುತ್ತಿದ್ದರು. ಓಡಿಸಿ ತಂದ ಗಾಡಿಯ ಪ್ಲಗ್ ಬಿಚ್ಚಿ ಬಣ್ಣ ನೋಡಿ ಮಿಶ್ರಣ ಸರಿಯಿದೆಯೇ ಎಂದು ತೀರ್ಮಾನಿಸುತ್ತಿದ್ದರು. ಇವೆಲ್ಲವೂ ಅಳತೆ, ಸಾಕ್ಷಿ, ಪರಿಶೀಲನೆ. ಹಣೆ ಮುಟ್ಟಿ ಜ್ವರವಿದೆ ಎನ್ನುವ ಅಜ್ಜಿಯ ಕೈ ಸುಳ್ಳಾಡುವುದಿಲ್ಲ, ಆದರೆ ಔಷಧದ ಪ್ರಮಾಣ ಹೇಳಲು ಥರ್ಮಾಮೀಟರ್ ಬೇಕು. ಆ ಮೇಸ್ತ್ರಿಗಳಲ್ಲಿ ಎರಡೂ ಇದ್ದವು. ಅವರ ಕೈಯ ಅಳತೆಯನ್ನು ಮರೆತು ಕಿವಿಯನ್ನಷ್ಟೇ ಹೊಗಳಿದರೆ ಅವರ ವಿದ್ಯೆಗೆ ಅರ್ಧ ಮರ್ಯಾದೆ ಕೊಟ್ಟಂತೆ.

ಅಳೆಯದೆ ತೀರ್ಪು ಕೊಡುವ ಅಭ್ಯಾಸಕ್ಕೆ ದೊಡ್ಡ ಕಂಪನಿಗಳ ಗಿರಾಕಿಗಳೂ ಹೊರತಲ್ಲ. 1962ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಿತು. ಅದರ ಕಂಪ್ರೆಷನ್ ಅನುಪಾತ ಆಗಲೇ 10.25. ನಾಕಿಂಗ್ ತಡೆಯಲು ನೀರು, ಮೆಥನಾಲ್ ಬೆರೆತ ದ್ರವವೊಂದು ಪ್ರತ್ಯೇಕ ಟ್ಯಾಂಕಿನಿಂದ ಹೋಗಬೇಕಿತ್ತು. ಟ್ಯಾಂಕ್ ಖಾಲಿಯಾದರೆ ಇಂಜಿನ್ ಉಳಿಸಲು ವ್ಯವಸ್ಥೆಯೇ ಬೂಸ್ಟ್ ಇಳಿಸುತ್ತಿತ್ತು. ಟ್ಯಾಂಕ್ ತುಂಬಿಸಲು ಮರೆತ ಅನೇಕರು ಶಕ್ತಿಯಿಲ್ಲವೆಂದು ದೂರಿದರು; ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಿತ್ತು ಮಾಮೂಲಿ ಕಾರ್ಬ್ಯುರೇಟರ್ ಹಾಕಲಾಯಿತು. ಒಂದು ಮುಚ್ಚಳ ತೆರೆದು ನೋಡುವ ಶಿಸ್ತಿಲ್ಲದೆ ಒಂದು ಒಳ್ಳೆಯ ವಿಚಾರ ಕೆಲವೇ ವರ್ಷಗಳಲ್ಲಿ ಕೆಟ್ಟ ಹೆಸರು ಹೊತ್ತು ಹಿಂದೆ ಸರಿಯಿತು.

ಹಾಗಾದರೆ ಶೆಡ್ಡಿನಲ್ಲಿ ನಿಂತ ಯುವಕ ಏನು ಮಾಡಬೇಕು? ಹೊಸ ಭಾಗ ಕೊಳ್ಳುವುದನ್ನು ನಿಲ್ಲಿಸಲಿ. ಹೊಗೆಯನ್ನು ಟರ್ಬೊ ಚಕ್ರಕ್ಕೆ ತಾಗದಂತೆ ಪಕ್ಕದಿಂದ ಬಿಡುವ ವೇಸ್ಟ್‌ಗೇಟನ್ನು ತೆರೆದ ಸ್ಥಿತಿಯಲ್ಲೇ ಕಟ್ಟಿ, ಬೂಸ್ಟ್ ಇಲ್ಲದೆ ಕಾರು ಮೊದಲಿನಷ್ಟು ನೆಟ್ಟಗೆ ಓಡುತ್ತದೆಯೇ ನೋಡಲಿ. ಅಲ್ಲೇ ಮುಗ್ಗರಿಸಿದರೆ ದೋಷ ಬೂಸ್ಟಿನದಲ್ಲ. ನೆಟ್ಟಗಿದ್ದರೆ ಸೋರಿಕೆ, ಆಯಿಲ್ ಇಳಿಕೆ, ಪೆಟ್ರೋಲ್ ಒತ್ತಡ, ಕಿಡಿ ಎಂಬ ಕ್ರಮದಲ್ಲಿ ಒಂದೊಂದನ್ನೇ ಪರೀಕ್ಷಿಸಲಿ. ಬೂಸ್ಟಿನಲ್ಲಿ ಮಾತ್ರ ಮುಗ್ಗರಿಸುವ ಕಾರಿನಲ್ಲಿ ಅನೇಕ ಸಲ ಪ್ಲಗ್ಗಿನ ಗ್ಯಾಪ್ ದೊಡ್ಡದಾಗಿ, ಒತ್ತಿದ ಗಾಳಿಯಲ್ಲಿ ಕಿಡಿ ಹಾರಲಾಗದೆ ಆರುತ್ತಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಫಲಿತಾಂಶ ಪುಸ್ತಕದಲ್ಲಿ. ಎರಡು ಭಾಗ ಒಟ್ಟಿಗೆ ಬದಲಾಯಿಸಿ ಕಾರು ಸರಿಹೋದರೂ ದೋಷ ಎಲ್ಲಿತ್ತೆಂದು ತಿಳಿಯುವುದಿಲ್ಲ. ತಿಳಿಯದ ದೋಷ ಇನ್ನೊಂದು ದಿನ ಮರಳುತ್ತದೆ.

ಕಾನೂನಿನ ಮಾತನ್ನೂ ನೇರವಾಗಿಯೇ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ಹೇಳುತ್ತದೆ. ಬೆಂಗಳೂರು ಹೆದ್ದಾರಿಯಾಗಲಿ ರಿಂಗ್ ರೋಡಾಗಲಿ ಚಾಮುಂಡಿ ಬೆಟ್ಟದ ತಿರುವುಗಳಾಗಲಿ ಬೂಸ್ಟ್ ಪರೀಕ್ಷೆಯ ಜಾಗಗಳಲ್ಲ. ಅಲ್ಲಿ ನಡೆಯುವವರ ಜೀವ ಯಾರ ಪ್ರಯೋಗಕ್ಕೂ ಸೇರಿದ್ದಲ್ಲ. ಇಂಥ ಕಾರಿನ ಜಾಗ ಮುಚ್ಚಿದ ಟ್ರ್ಯಾಕ್, ಡೈನೊ ಯಂತ್ರ.

ಇದನ್ನೇ ಹಿಡಿದು ‘ಮನೆಯಲ್ಲಿ ಇಂಜಿನ್ ಮುಟ್ಟಲೇಬೇಡಿ’ ಎನ್ನುವವರ ಜೊತೆಗೂ ನಾನಿಲ್ಲ. ಕಾರ್ಖಾನೆ ಮುಚ್ಚಿದ ಮೇಲೂ ಯೆಜ್ಡಿಗಳು ಓಡುತ್ತಿರುವುದು ಬಿಚ್ಚಿ ಕಲಿತ ಕೈಗಳಿಂದಲೇ. ಆ ಕಲಿಕೆಗೆ ಈಗ ಬೇಕಾಗಿರುವುದು ಸರಿಯಾದ ಜಾಗ, ಸರಿಯಾದ ಉಪಕರಣ. 1946ರ ಎನ್‌ಐಇ, 1963ರ ಎಸ್‌ಜೆಸಿಇಗಳಂಥ ಇಂಜಿನಿಯರಿಂಗ್ ಕಾಲೇಜುಗಳು ಇರುವ ಊರು ನಮ್ಮದು. ಅಂಥ ಸಂಸ್ಥೆಗಳು ವಾರಕ್ಕೊಂದು ದಿನ ತಮ್ಮ ಪ್ರಯೋಗಾಲಯದ ಬಾಗಿಲನ್ನು ಹವ್ಯಾಸಿಗಳಿಗೂ ಗಲ್ಲಿಯ ಮೇಸ್ತ್ರಿಗಳಿಗೂ ತೆರೆದರೆ, ಒತ್ತಡದ ಗೇಜಿನ ಓದು ವಿದ್ಯಾರ್ಥಿಯಿಂದ ಮೇಸ್ತ್ರಿಗೆ, ಬೋಲ್ಟ್ ಬಿಗಿಯುವ ಹದ ಮೇಸ್ತ್ರಿಯಿಂದ ವಿದ್ಯಾರ್ಥಿಗೆ ದಾಟುತ್ತದೆ. ಕಿವಿ ಅನುಮಾನ ಎತ್ತಲಿ, ಆ ಕೆಲಸಕ್ಕೆ ಅದಕ್ಕಿಂತ ಚುರುಕಾದ ಸಾಧನವಿಲ್ಲ. ತೀರ್ಪನ್ನು ಮಾತ್ರ ಅಳತೆಗೆ ಬಿಡೋಣ. ಇದನ್ನು ಒಪ್ಪಿದರೆ ಪಿಸ್ಟನ್ನು, ದುಡ್ಡು ಎರಡೂ ಉಳಿಯುತ್ತವೆ. ಅದಕ್ಕಿಂತ ಹೆಚ್ಚಾಗಿ, ಈ ಊರಿನ ಇಂಜಿನ್ ವಿದ್ಯೆ ಮುಂದಿನ ತಲೆಮಾರಿಗೆ ಪೂರ್ತಿಯಾಗಿ ತಲುಪುತ್ತದೆ.