ಹಿರಿದಾದ ಚಕ್ರ, ಹಿರಿದಾದ ಹೊಣೆ

ಹಳೆಯ ಪಿಕಪ್ ಗಾಡಿಗೆ ದೊಡ್ಡ ಚಕ್ರ ತೊಡಿಸುವ ಅಭಿಲಾಷೆ ಅಮೆರಿಕದಲ್ಲಿ ಸರ್ವೇಸಾಮಾನ್ಯವಾದುದು. ಅಲ್ಲಿನ ಅನೇಕ ಹಳೆಯ ಗಾಡಿಗಳ ಟೈರು 235/75ಆರ್15 ಅಳತೆಯದು. ಅದರ ವ್ಯಾಸ ಸುಮಾರು 29 ಅಂಗುಲ. ಆ ಸ್ಥಾನಕ್ಕೆ 31 ಅಂಗುಲದ ಟೈರು ಬಂದರೆ ಗಾಡಿ ಏರುವುದು ಸುಮಾರು ಒಂದೇ ಅಂಗುಲ. ಆದರೆ ಪ್ರತಿ ಸುತ್ತಿಗೂ ಹೆಚ್ಚು ದಾರಿ ಸರಿಯುವುದರಿಂದ, ವೇಗಮಾಪಕ 60 ಮೈಲಿ ತೋರುವಾಗ ನಿಜವೇಗ 64ರಷ್ಟಿರುತ್ತದೆ. ಭಾರವಾದ ಚಕ್ರವನ್ನು ತಡೆಯಲು ಹಳೆಯ ಬ್ರೇಕು ಹೆಚ್ಚು ಶ್ರಮಿಸಬೇಕು. ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಲೂಬಹುದು. ಆದುದರಿಂದ ಕೊಳ್ಳುವ ಮುನ್ನ ಬಾಗಿಲ ಚೌಕಟ್ಟಿನಲ್ಲಿರುವ ಟೈರಿನ ಪಟ್ಟಿಯನ್ನು ಓದಬೇಕು, ಹೊಸ ಟೈರು ಹೊರಬಲ್ಲ ಭಾರ ಮೊದಲಿನದಕ್ಕಿಂತ ಕಡಿಮೆಯಾಗಬಾರದು, ಬ್ರೇಕನ್ನೂ ಪರೀಕ್ಷಿಸಬೇಕು. ನೋಡುವವರ ಮೆಚ್ಚುಗೆಗಿಂತ ಒಳಗೆ ಕುಳಿತ ಮಕ್ಕಳ ಪ್ರಾಣ ಹಿರಿದಲ್ಲವೇ?