ಗೋಡೆಗೊಂದು ಚಿತ್ರ

ಹೊಸ ವರ್ಷ ಬಂದಿತೆಂದರೆ ಹಳೆಯ ಕ್ಯಾಲೆಂಡರು ಇಳಿದು ಹೊಸದೊಂದು ಅದೇ ಮೊಳೆಗೆ ಏರುವುದು ನಮ್ಮೆಲ್ಲರ ಮನೆಗಳಲ್ಲಿಯೂ ನಡೆದುಬಂದ ಪದ್ಧತಿ. ಆ ಮೊಳೆಯ ಪಕ್ಕದಲ್ಲಿ ಇನ್ನೊಂದು ಮೊಳೆಯನ್ನು ಏಕೆ ಹೊಡೆಯಬಾರದು ಎಂಬುದೇ ಈ ತಿಂಗಳು ವಾಚಕರ ಮುಂದೆ ನಾವಿಡುವ ಮಾತು.

ಚಿತ್ರವೆಂಬುದು ಅರಮನೆಗೂ ಸಿರಿವಂತರ ಹಜಾರಕ್ಕೂ ಮಾತ್ರ ತಕ್ಕುದೆಂಬ ಭಾವನೆಯನ್ನು ಸಡಿಲಿಸಿದವರಲ್ಲಿ ರಾಜಾ ರವಿವರ್ಮರು ಪ್ರಮುಖರು. 1894ರಲ್ಲಿ ಮುಂಬಯಿಯಲ್ಲಿ ಅವರು ಸ್ಥಾಪಿಸಿದ ಮುದ್ರಣಾಲಯದಿಂದ ಹೊರಟ ಕಲ್ಲಚ್ಚಿನ ಬಣ್ಣದ ಪಟಗಳು ಲಕ್ಷ್ಮೀ ಸರಸ್ವತಿಯರನ್ನು ಸಾಮಾನ್ಯರ ದೇವರ ಮನೆಗೂ ತಂದುವು. ಇದು ದೊಡ್ಡ ಉಪಕಾರವೇ ಸರಿ. ಆದರೆ ಅಂದಿನಿಂದ ನಾವು ಅಚ್ಚಿನ ಪಟಕ್ಕೆ ಎಷ್ಟು ಒಗ್ಗಿಹೋದೆವೆಂದರೆ, ನಮ್ಮ ಕಾಲದಲ್ಲಿಯೇ ಬಾಳುತ್ತಿರುವ ಚಿತ್ರಗಾರನಿಂದ ಅವನ ಕೈಬರಹದ ಚಿತ್ರವನ್ನು ಕೊಳ್ಳಬಹುದೆಂಬ ಯೋಚನೆಯೇ ನಮಗೆ ಹೊಳೆಯದಂತಾಯಿತು.

ಈ ಕೊರತೆಯನ್ನು ನೀಗುವ ಪ್ರಯತ್ನಗಳಲ್ಲಿ ಬೆಂಗಳೂರಿನ ಚಿತ್ರಸಂತೆಯು ಒಂದು. 1960ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಇದನ್ನು ನಡೆಸುತ್ತದೆ. ಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ತಡೆದು, ಇಕ್ಕೆಲಗಳಲ್ಲಿಯೂ ಚಿತ್ರಗಳನ್ನು ಸಾಲಾಗಿ ಇರಿಸುವರು. 2021ರಲ್ಲಿ ಮಾತ್ರ ಸಾಂಕ್ರಾಮಿಕ ರೋಗದ ನಿಮಿತ್ತ ಸಂತೆಯು ರಸ್ತೆಯನ್ನು ಬಿಟ್ಟು ಅಂತರ್ಜಾಲದಲ್ಲಿ ನೆರೆಯಬೇಕಾಯಿತು. 2025ರ ಜನವರಿ 5ನೆಯ ಭಾನುವಾರ ನಡೆದುದು ಇಪ್ಪತ್ತೆರಡನೆಯದು. ಅದನ್ನು ಹೆಣ್ಣು ಮಗುವಿಗೆ ಅರ್ಪಿಸಿದ್ದರು. ಅಂದು ನಾವೂ ನಮ್ಮ ಮನೆಯವರೂ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆವು.

ಮೈಸೂರು ಶೈಲಿಯ ಚಿನ್ನದ ರೇಕಿನ ಚಿತ್ರಗಳು, ಎಣ್ಣೆಬಣ್ಣದ ಹಳ್ಳಿಗಳು, ಏನೆಂದು ತಿಳಿಯದ ಬಣ್ಣದ ರಾಶಿಗಳು, ಮಕ್ಕಳ ಪುಸ್ತಕಕ್ಕೆಂದು ಬರೆದ ಆನೆ ಅಳಿಲುಗಳು, ಎಲ್ಲವನ್ನೂ ನೋಡುತ್ತ ನಡೆದೆವು. ಮರದ ಬುಡದಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ಹುಡುಗಿ ಹತ್ತು ಹನ್ನೆರಡು ಜಲವರ್ಣ ಚಿತ್ರಗಳನ್ನು ಹರಡಿಕೊಂಡು ಕುಳಿತಿದ್ದಳು. ಅವುಗಳಲ್ಲೊಂದರ ಮುಂದೆ ಮೊಮ್ಮಗಳು ನಿಂತುಬಿಟ್ಟಳು. ಮುಂಜಾವಿನ ಮಬ್ಬು ಬೆಳಕು, ಮುಚ್ಚಿದ ಅಂಗಡಿಯ ಜಗಲಿಯ ಮೇಲೆ ಕುಳಿತು ಚಹಾ ಕುಡಿಯುತ್ತಿರುವ ಮೂವರು ಪೌರಕಾರ್ಮಿಕ ಹೆಂಗಸರು, ಗೋಡೆಗೊರಗಿಸಿದ ಪೊರಕೆಗಳು. ಒಬ್ಬಾಕೆ ಲೋಟವನ್ನು ಎರಡೂ ಕೈಗಳಿಂದ ಬಳಸಿ ಹಿಡಿದು ಬೆರಳುಗಳನ್ನು ಕಾಯಿಸಿಕೊಳ್ಳುತ್ತಿದ್ದಳು.

“ತಾತ, ಇವರು ನಮ್ಮ ಬೀದಿ ಗುಡಿಸುವ ಅಕ್ಕನ ಹಾಗೆಯೇ ಇದ್ದಾರೆ,” ಎಂದಳು ಮಗು. ಆ ಅಕ್ಕನ ಮುಖವನ್ನು ನೆನೆಯಲೆತ್ನಿಸಿದೆವು, ನೆನಪಾಗಲಿಲ್ಲ. ದಿನವೂ ನಮ್ಮ ಬಾಗಿಲ ಮುಂದೆ ಹಾದುಹೋಗುವವಳನ್ನು ನಾವು ಒಮ್ಮೆಯೂ ನೋಡಿರಲಿಲ್ಲ.

ಬೆಲೆ ಎರಡು ಸಾವಿರದ ಐನೂರು ರೂಪಾಯಿ. ಇಲ್ಲಿ ನಮ್ಮ ತಪ್ಪನ್ನು ಮುಚ್ಚಿಡಲಾರೆವು. ಸೊಪ್ಪಿನವಳೊಡನೆ ಚೌಕಾಸಿ ಮಾಡಿದ ನಾಲಗೆಯೇ ಅಲ್ಲಿಯೂ ಆಡಿತು. “ಏನಮ್ಮ, ಒಂದು ಕಾಗದಕ್ಕೆ ಇಷ್ಟೊಂದೆ?” ಎಂದೆವು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾವಿರದ ಎಂಟುನೂರಕ್ಕೆ ಒಪ್ಪಿದಳು. ಅವಳು ಚಿತ್ರವನ್ನು ಸುತ್ತಿಕೊಡುವಾಗ ನಮ್ಮ ಮನೆಯವರು, “ಇದಕ್ಕೆ ಎಷ್ಟು ದಿನ ಹಿಡಿಯಿತಮ್ಮ?” ಎಂದು ಕೇಳಿದರು. ಎಂಟು ದಿನ ಬೆಳಕು ಹರಿಯುವ ಮೊದಲೇ ಆ ಬೀದಿಗೆ ಹೋಗಿದ್ದಳಂತೆ. ಮೂರು ಹಾಳೆ ಕೆಟ್ಟು, ನಾಲ್ಕನೆಯದು ನಿಂತಿತಂತೆ. ಈ ಸಲವೂ ಚಿತ್ರಗಳು ಮಾರಾಟವಾಗದೆ ಮನೆಗೆ ಮರಳಿದರೆ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಕೆಲಸಕ್ಕೆ ಸೇರಬೇಕೆಂದು ತಂದೆಯವರು ಹೇಳಿ ಕಳುಹಿಸಿದ್ದರಂತೆ. ಹೆಣ್ಣು ಮಗುವಿಗೆ ಅರ್ಪಿಸಿದ ಸಂತೆಯಲ್ಲಿ ನಾವು ಮಾಡಿದ ವ್ಯಾಪಾರವಿದು. ಆದರೂ ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ಬುದ್ಧಿ ಆ ಕ್ಷಣದಲ್ಲಿ ನಮಗೆ ಬರಲಿಲ್ಲ.

ಮುಂದೆ ಇಂತಹ ಕಡೆಗೆ ಹೋಗತಕ್ಕ ವಾಚಕರಿಗೆ ಕೆಲವು ಸೂಚನೆಗಳನ್ನು ಕೊಡಬಯಸುತ್ತೇವೆ. ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳದೆ ನೋಡುತ್ತ ಹೋಗಿರಿ. ಮನಸ್ಸು ತಾನಾಗಿ ಹಿಂದಿರುಗಿ ಕರೆಯುವ ಚಿತ್ರದ ಬಳಿಗೆ ಮತ್ತೆ ಬನ್ನಿರಿ. ಹೆಸರಾಂತವರೇ ಬರೆದಿರಬೇಕೆಂದಿಲ್ಲ, ಹೆಸರಾದವರೂ ಒಂದು ಕಾಲಕ್ಕೆ ಹೊಸಬರೇ ಆಗಿದ್ದರು. ಚಿತ್ರವು ಕೈಯಿಂದ ಬರೆದುದೋ, ಯಂತ್ರದಿಂದ ತೆಗೆದ ಪ್ರತಿಯೋ ಎಂದು ಕೇಳಲು ಸಂಕೋಚಪಡಬೇಡಿರಿ. ಪ್ರತಿಯನ್ನು ಕೊಳ್ಳುವುದರಲ್ಲಿ ಕುಂದೇನೂ ಇಲ್ಲ, ಕೊಳ್ಳುವುದೇನೆಂದು ತಿಳಿದಿದ್ದರಾಯಿತು. ಮರದಲ್ಲಿಯೋ ಲಿನೋಲಿಯಮ್ಮಿನಲ್ಲಿಯೋ ಕೆತ್ತಿ ಒತ್ತಿದ ಚಿತ್ರದ ಕೆಳಗೆ ಸೀಸದ ಕಡ್ಡಿಯಿಂದ 3/20 ಎಂದು ಬರೆದಿದ್ದರೆ, ಒಟ್ಟು ಇಪ್ಪತ್ತು ಪ್ರತಿಗಳಲ್ಲಿ ಅದು ಮೂರನೆಯದೆಂದು ಅರ್ಥ.

ಜಲವರ್ಣ ಚಿತ್ರಕ್ಕೆ ಬಿಸಿಲೂ ತೇವವೂ ಶತ್ರುಗಳು. ನೇರವಾಗಿ ಬಿಸಿಲು ಬೀಳುವ ಗೋಡೆಗಾಗಲಿ, ಮಳೆಗಾಲದಲ್ಲಿ ಜಿನುಗುವ ಗೋಡೆಗಾಗಲಿ ಅದನ್ನು ತೂಗಹಾಕಬಾರದು. ಕಟ್ಟು ಹಾಕಿಸುವಾಗ ಗಾಜು ಬಣ್ಣವನ್ನು ಮುಟ್ಟದಂತೆ ನಡುವೆ ದಪ್ಪ ರಟ್ಟಿನ ಅಂಚನ್ನು ಇಡಿಸಬೇಕು. ಇನ್ನೊಂದು ಮಾತು: ಚಿತ್ರವನ್ನು ಕೊಂಡ ಮಾತ್ರಕ್ಕೆ ಅದನ್ನು ಅಚ್ಚುಹಾಕಿಸಿ ಮಾರುವ ಹಕ್ಕು ನಮಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ, ಬರೆದು ಕೊಟ್ಟ ಹೊರತು ಆ ಹಕ್ಕು ಚಿತ್ರಗಾರರಲ್ಲಿಯೇ ಉಳಿಯುತ್ತದೆ.

ನಮ್ಮ ಚಿತ್ರವು ಈಗ ಊಟದ ಮನೆಯ ಗೋಡೆಯ ಮೇಲಿದೆ. ಅದನ್ನು ತೂಗಹಾಕಿದ ದಿನದಿಂದ, ಲೋಟವನ್ನು ಹಿಡಿದ ಆ ಕೈಗಳನ್ನು ನೋಡದೆ ಕಾಫಿ ಕುಡಿಯುವುದು ನಮಗೆ ಸಾಧ್ಯವಾಗಲಿಲ್ಲ. ನಾಲ್ಕನೆಯ ದಿನ, ಚಿತ್ರದ ಬೆನ್ನಿಗೆ ಹುಡುಗಿ ಬರೆದಿದ್ದ ವಿಳಾಸಕ್ಕೆ ಉಳಿದ ಏಳುನೂರು ರೂಪಾಯಿಗಳನ್ನು ಕಳುಹಿಸಿ, ಒಂದು ಕಾಗದವನ್ನೂ ಬರೆದೆವು. ಅವಳು ಬೇಡವೆನ್ನುವಳೋ, ಉಪಕಾರವೆಂದು ಹೊಗಳುವಳೋ ಎಂಬ ಅಳುಕು ನಮಗಿತ್ತು. ಅವಳು ಎರಡನ್ನೂ ಮಾಡಲಿಲ್ಲ. ವಾರದೊಳಗೆ ಒಂದು ಚೀಟಿ ಬಂದಿತು. ಅದರಲ್ಲಿ ಚಿತ್ರದ ಹೆಸರು, ಪೂರ್ಣ ಬೆಲೆ, “ಬಾಕಿ ಸಂದಿತು” ಎಂಬ ಎರಡು ಮಾತು, ಕೆಳಗೆ ಸಹಿ ಇದ್ದುವು. ಬಣ್ಣದ ಪೆಟ್ಟಿಗೆಯು ಅಟ್ಟವನ್ನೇರಲಿಲ್ಲವೆಂದು ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದಳು.

ಆ ಚೀಟಿಯನ್ನು ಚಿತ್ರದ ಹಿಂಬದಿಗೆ ಅಂಟಿಸಿರುವೆವು.