ಕೊಂಡ ಬೆಲೆಯೊಂದೇ ಲೆಕ್ಕವಲ್ಲ

ನನ್ನಿಂದ ಲಾಭ-ನಷ್ಟದ ಲೆಕ್ಕ ಕಲಿತವರಿಗೆ ಒಂದು ಮಾತು ನೆನಪಿರಬಹುದು: ಕೊಂಡ ಬೆಲೆಗೆ ಸಾಗಣೆಯ ಖರ್ಚನ್ನೂ ಸೇರಿಸದೆ ಲಾಭ ಇಷ್ಟೆಂದು ಹೇಳಬಾರದು. ಅದನ್ನು ಮರೆತವರ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ. ನಿವೃತ್ತನಾದ ಮೇಲೆ ಅದೇ ತಪ್ಪನ್ನು ನಾನೇ ಮಾಡಿದೆ.

2023ರ ಕೊನೆಯಲ್ಲಿ ಶ್ರೀಲಂಕಾ ಪ್ರವಾಸ ಹೊರಡಲು ನಿಶ್ಚಯಿಸಿದೆವು. ನುವಾರ ಎಲಿಯದ ಸಮೀಪವಿರುವ ಸೀತಾ ದೇವಾಲಯವನ್ನು ನೋಡಬೇಕೆಂಬುದು ನನ್ನ ಶ್ರೀಮತಿಯ ಬಹುದಿನಗಳ ಆಸೆ. ನಾಲ್ಕು ರಾತ್ರಿಗಳ ವಸತಿಗೆ ನಮ್ಮೂರಿನ ಏಜೆಂಟರು ತೆರಿಗೆಯೆಲ್ಲ ಸೇರಿ 32,000 ರೂಪಾಯಿ ಹೇಳಿದರು. ಸೋದರಳಿಯ ಗಣಕಯಂತ್ರದ ಮುಂದೆ ಕುಳಿತು, "ಮಾವ, ಈ ವಿದೇಶಿ ಜಾಲತಾಣದಲ್ಲಿ ಅದೇ ಹೋಟೆಲುಗಳು 28,000ಕ್ಕೇ ಸಿಗುತ್ತವೆ" ಎಂದ. ನಾಲ್ಕು ಸಾವಿರ ಉಳಿಯಿತೆಂದು ಹಿಗ್ಗಿ, ಡಾಲರಿನಲ್ಲಿದ್ದ ಆ ಬೆಲೆಯನ್ನು ಕಾರ್ಡಿನ ಮೂಲಕ ಪಾವತಿಸಿದೆ.

ಬ್ಯಾಂಕಿನ ಪಟ್ಟಿ ಬಂದಾಗ ವಿದೇಶಿ ವಿನಿಮಯದ ಶುಲ್ಕವೆಂದು ಶೇ. 3.5ರಂತೆ 980 ರೂಪಾಯಿ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿಯೆಂದು 176 ರೂಪಾಯಿ ಸೇರಿದ್ದವು. ಹೋಟೆಲಿನಲ್ಲಿ ಪ್ರತ್ಯೇಕವಾಗಿ ತೆರಬೇಕಾದ ತೆರಿಗೆಯ ವಿಷಯ ಪುಟದ ಬುಡದಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ಆದರೂ ಅಷ್ಟಿಷ್ಟು ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಹೊರಡಲು ನಾಲ್ಕು ದಿನಗಳಿರುವಾಗ ಶ್ರೀಮತಿ ಜ್ವರದಿಂದ ಹಾಸಿಗೆ ಹಿಡಿದಳು. ಹೋಟೆಲಿನವರು ಜಾಲತಾಣವನ್ನು ಕೇಳಿ ಎಂದರು. ಜಾಲತಾಣದವರು ಹೋಟೆಲನ್ನು ಕೇಳಿ ಎಂದರು. ಕೊನೆಗೆ ಬಂದ ಉತ್ತರ ಒಂದೇ ಸಾಲು: ಈ ದರಕ್ಕೆ ಹಣ ಮರಳಿಸುವ ಅವಕಾಶವಿಲ್ಲ. ಏಜೆಂಟರು ಕೊಟ್ಟಿದ್ದ ಪತ್ರವನ್ನು ಆಮೇಲೆ ತೆಗೆದು ನೋಡಿದೆ. ಎರಡು ದಿನ ಮುಂಚಿತವಾಗಿ ತಿಳಿಸಿದರೆ ದಿನಾಂಕ ಬದಲಿಸಿಕೊಡುವುದಾಗಿ ಅದರಲ್ಲಿತ್ತು. ನಾನು ಉಳಿಸಿದೆನೆಂದುಕೊಂಡ ನಾಲ್ಕು ಸಾವಿರ ಆ ಸೌಲಭ್ಯದ ಬೆಲೆಯಾಗಿತ್ತು. ಹೋಟೆಲು ಒಂದೇ ಆದರೂ ನಾನು ಹೋಲಿಸಿದ್ದು ಎರಡು ಬೇರೆ ಬೇರೆ ಸರಕುಗಳನ್ನು.

ಇದನ್ನು ಓದಿ ವಿದೇಶಿ ಜಾಲತಾಣಗಳೇ ಬೇಡವೆಂದು ಯಾರೂ ತಿಳಿಯಬಾರದು. ನಿಮ್ಮಲ್ಲನೇಕರು ಅವುಗಳಿಂದ ನಿಜವಾಗಿಯೂ ಹಣ ಉಳಿಸಿದ್ದೀರಿ. ಅಲ್ಲಿಯೂ ಹಣ ಮರಳುವ ದರ, ಮರಳದ ದರ ಎಂದು ಎರಡು ಬಗೆಯಿರುತ್ತವೆ. ಮೊದಲನೆಯದನ್ನೇ ಏಜೆಂಟರ ದರದೊಡನೆ ಹೋಲಿಸಬೇಕು. ರೂಪಾಯಿಯಲ್ಲೇ ಪಾವತಿಸಿ ಎಂಬ ಆಹ್ವಾನ ಕಂಡರೆ, ಅವರು ಹಿಡಿದ ವಿನಿಮಯ ದರವನ್ನು ಪರೀಕ್ಷಿಸಬೇಕು. ಮಾರುವವರು ವಿದೇಶದವರಾಗಿದ್ದರೆ ಕೆಲವು ಬ್ಯಾಂಕುಗಳು ರೂಪಾಯಿ ವ್ಯವಹಾರಕ್ಕೂ ಶುಲ್ಕ ಹಾಕುತ್ತವೆ.

ಕಾನೂನಿನ ಆಸರೆಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಊರಿನ ವ್ಯಾಪ್ತಿಯ ಆಯೋಗದಲ್ಲೇ ದೂರು ಕೊಡಬಹುದು. 2020ರ ಇ-ವಾಣಿಜ್ಯ ನಿಯಮಗಳು ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಸೇವೆ ಮಾರುವ ವಿದೇಶಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಆದರೆ ಷರತ್ತನ್ನು ಓದದೆ ಒಪ್ಪಿಗೆಯ ಗುಂಡಿ ಒತ್ತಿದ ನನ್ನಂಥವನು ಯಾವ ಮುಖದಿಂದ ದೂರು ಕೊಡಬೇಕು?

ಹಣ ಹೋದುದು ದೊಡ್ಡ ಮಾತಲ್ಲ. ಅಂದಿನಿಂದ ಶ್ರೀಮತಿ ಆ ದೇವಾಲಯದ ಸುದ್ದಿಯನ್ನೇ ಎತ್ತಲಿಲ್ಲ. ತನ್ನ ಜ್ವರದಿಂದ ನಷ್ಟವಾಯಿತೆಂದು ಅವಳ ಭಾವನೆ. ನಷ್ಟವಾದದ್ದು ನನ್ನ ತಪ್ಪು ಲೆಕ್ಕದಿಂದ. ಅದನ್ನು ಅವಳಿಗೂ ಹೇಳಿದ್ದೇನೆ, ಇಲ್ಲಿಯೂ ಬರೆದಿಟ್ಟಿದ್ದೇನೆ. ಮುಂದಿನ ಸಲ ಹೊರಡುವಾಗ ಮೊದಲು ಷರತ್ತು ಓದುತ್ತೇನೆ, ಆಮೇಲೆ ಬೆಲೆ ನೋಡುತ್ತೇನೆ.